ಹೊದಿಕೆಯಕ್ಕನ ತಪ್ಪಿನ ಮೇಜು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೈಕು, ಕಾರು, ಬಸ್ಸುಗಳ ಸೀಟಿಗೆ ಹೊದಿಕೆ ಹೊಲಿದುಕೊಡುವ ಅಂಗಡಿಯೊಂದಿತ್ತು. ಅದರ ಒಡತಿಯನ್ನು ಊರಿನವರೆಲ್ಲ ಹೊದಿಕೆಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರ ಬಾಯಲ್ಲೂ ಅವಳು ಅಕ್ಕನೇ. ದಿನವಿಡೀ ಹೊಲಿಗೆ ಯಂತ್ರದ ಗಡಗಡ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿತ್ತು. ಗುಟ್ಟು ಹೇಳಿದರೂ ಎದುರಿನ ಟೈರಿನಂಗಡಿಗೆ ಕೇಳಿಸುತ್ತಿತ್ತು. ಕೆಲಸದಲ್ಲಿ ಮಾತ್ರ ಯಾರೂ ಬೆರಳಿಟ್ಟು ತೋರಿಸುವಂತಿರಲಿಲ್ಲ. ಹತ್ತು ಸಲ ಅಳೆದು ಒಂದು ಸಲ ಕತ್ತರಿಸುವ ಕೈ ಅದು.

ಅವಳಿಗೆ ನಲವತ್ತು ತುಂಬಿದ ವರ್ಷ ಮೇಷ್ಟ್ರು ಅಂಗಡಿಗೆ ಬಂದರು. ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಹೇಳಿಕೊಟ್ಟವರು, ನಿವೃತ್ತರಾಗಿ ಮೂರು ವರ್ಷವಾಗಿತ್ತು. ಹೆಗಲ ಮೇಲೆ ಬಿಳಿ ಬಟ್ಟೆಯ ದಪ್ಪ ಸುರುಳಿ.

"ಇದನ್ನ ಉದ್ದ ಚೀಲದ ಥರ ಹೊಲಿದು ಕೊಡಬೇಕಮ್ಮ. ಹದಿನಾಲ್ಕು ಅಡಿ."

"ಹದಿನಾಲ್ಕು ಅಡಿ ಸೀಟಾ? ಯಾವ ಬಸ್ಸು ಮೇಷ್ಟ್ರೇ ಅದು?"

"ಬಸ್ಸಲ್ಲ, ರೆಕ್ಕೆ. ವಿಮಾನದ್ದು. ನಾನೇ ಕಟ್ತಾ ಇದೀನಿ."

ಮೇಷ್ಟ್ರಿಗೆ ಅರವತ್ತಕ್ಕೆ ಅರಳುಮರಳು ಶುರುವಾಯಿತೇನೋ ಎಂದುಕೊಂಡಳು. ಆದರೂ ಅಳತೆ ತೆಗೆದುಕೊಳ್ಳಲೇಬೇಕಲ್ಲ. ಭಾನುವಾರ ಅವರ ಹಿಂದೆ ಹೋದಳು. ಊರಾಚೆ ಯಾವುದೋ ಕಾಲದಲ್ಲಿ ಬಳಸಿ ಬಿಟ್ಟುಹೋದ ಚಿಕ್ಕ ರನ್‌ವೇ, ಕಾಂಕ್ರೀಟಿನ ಬಿರುಕುಗಳಲ್ಲೆಲ್ಲ ಹುಲ್ಲು. ಪಕ್ಕದಲ್ಲಿ ಸಾಲಾಗಿ ಆರು ತಗಡಿನ ಶೆಡ್ಡುಗಳು, ಒಂದು ಖಾಲಿ, ಉಳಿದ ಒಂದೊಂದರಲ್ಲೂ ಅರ್ಧ ಕಟ್ಟಿದ ಒಂದೊಂದು ವಿಮಾನ. ವಾರವಿಡೀ ಬೇರೆ ಬೇರೆ ಕೆಲಸ ಮಾಡಿಕೊಂಡಿರುವ ಜನ ಭಾನುವಾರ ಬಂದು ಮರ ಉಜ್ಜುತ್ತ, ಅಂಟು ಕಲಸುತ್ತ, ಕೊಳವೆ ಬಗ್ಗಿಸುತ್ತ ಕೂರುತ್ತಿದ್ದರು. ಹೊದಿಕೆಯಕ್ಕನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅವಳ ಜೀವಮಾನದಲ್ಲಿ ಅದು ಅಪರೂಪ.

ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಹೊದಿಸಿ, ಅಂಚು ಅಂಟಿಸಿ, ಹೊಲಿದು, ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಆ ಬಟ್ಟೆ ಬಿಸಿಗೆ ಕುಗ್ಗಿ ಡೋಲಿನ ಚರ್ಮದಂತೆ ಬಿಗಿದುಕೊಳ್ಳುತ್ತಿತ್ತು. ಬೆರಳಿಂದ ತಟ್ಟಿದರೆ ಢಂ ಎನ್ನುತ್ತಿತ್ತು. ಎರಡು ತಿಂಗಳಾದ ಮೇಲೆ ಮೇಷ್ಟ್ರು ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೇಲೆ ಒಯ್ದರು. ತಾನು ಹೊಲಿದ ಬಟ್ಟೆಯೇ ತನ್ನನ್ನು ಎತ್ತಿ ಹಿಡಿದಿದೆ ಎನ್ನುವುದು ಹೊಳೆದ ಕ್ಷಣ ಅವಳು ಕಿರುಚಿದ ರಭಸಕ್ಕೆ ಮೇಷ್ಟ್ರು ರೆಕ್ಕೆಯೇ ಮುರಿಯಿತೆಂದು ತಿರುಗಿ ನೋಡಿದರಂತೆ. "ಮೇಷ್ಟ್ರೇ, ನಮ್ಮ ಬೀದಿ ನೋಡಿ! ಅಳತೆ ಟೇಪಿನಷ್ಟಿದೆ!"

ಕೆಳಗಿಳಿದವಳು ನೇರ ಮನೆಗೆ ಹೋಗಿ ಅಣ್ಣನಿಗೆ ಹೇಳಿದಳು: "ನಾನೂ ಒಂದು ಕಟ್ತೀನಿ. ನೀನು ಸೇರ್ಕೋ."

ಅಣ್ಣ ಲೇತ್ ಕೆಲಸದವನು, ಮೂವತ್ತು ವರ್ಷದ ಅನುಭವ. ಮಾತು ಕಡಿಮೆ, ಕೈ ಖಚಿತ. ಅವನು ಬೇಡ ಎನ್ನಲಿಲ್ಲ. ಬೇಡ ಎಂದಿದ್ದು ಅತ್ತಿಗೆ. ಆದರೆ ಅವಳ ಮಾತು ನಡೆಯಲಿಲ್ಲ. ಆರು ವರ್ಷ ಆ ಮನೆಯ ನಡುಮನೆಯಲ್ಲಿ ರೆಕ್ಕೆಯ ಪಕ್ಕೆಲುಬುಗಳು ಒಣಗಿದವು, ಮಂಚದಡಿ ಕೊಳವೆಗಳು ಮಲಗಿದವು. "ಈ ಮನೇಲಿ ಮನುಷ್ಯರು ಕಾಲು ಚಾಚೋಕೆ ಜಾಗ ಇಲ್ಲ, ರೆಕ್ಕೆ ಚಾಚೋಕೆ ಇದೆ" ಎನ್ನುತ್ತಿದ್ದ ಅತ್ತಿಗೆ ನಾಲ್ಕನೆಯ ವರ್ಷದ ಹೊತ್ತಿಗೆ ತಾನೇ ಅಂಟಿನ ಎರಡು ಡಬ್ಬಿಗಳನ್ನು ತೂಗಿ ಕಲಸಿಕೊಡುವಷ್ಟು ಪಳಗಿದ್ದಳು. ಈ ನಡುವೆ ಹೊದಿಕೆಯಕ್ಕ ಹಾರಾಟ ಕಲಿಸುವ ಶಾಲೆಗೆ ವಾರಕ್ಕೊಮ್ಮೆ ಹೋಗಿ ಲೈಸೆನ್ಸನ್ನೂ ಪಡೆದಳು. ಅಂಗಡಿಯ ಗೋಡೆಯಲ್ಲಿ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದಳು. ಸೀಟಿನ ಹೊದಿಕೆಗೆ ಬಂದವರು ಅದನ್ನು ಓದದೆ ಹೋಗುವಂತಿರಲಿಲ್ಲ.

ಆರನೆಯ ವರ್ಷದ ಕೊನೆಗೆ ಒಂದೇ ಸೀಟಿನ ಹಳದಿ ವಿಮಾನ ಶೆಡ್ಡಿನಿಂದ ಹೊರಗೆ ಬಂತು. ಹಾರಾಟಕ್ಕೆ ಮುಂಚೆ ಅಧಿಕಾರಿಯೊಬ್ಬರು ಬಂದು ನೋಡಿ ಸಹಿ ಹಾಕಬೇಕು. ಅದಕ್ಕೂ ಮುಂಚೆ ಬರೀ ನೆಲದ ಮೇಲೆ ಓಡಿಸಿ ನೋಡುವುದು ರೂಢಿ. ಆ ಭಾನುವಾರ ಉಳಿದ ಐದೂ ಶೆಡ್ಡಿನವರು ಕೆಲಸ ಬಿಟ್ಟು ಬಂದು ನಿಂತರು. ಹೊದಿಕೆಯಕ್ಕ ಒಳಗೆ ಕೂತು ಕಾಲುಗಳ ನಡುವಿನ ಕೋಲನ್ನು ಆಚೆ ಈಚೆ ವಾಲಿಸಿದಳು. ರೆಕ್ಕೆಯ ತುದಿಗಳ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಒಂದೊಂದು ಹಲಗೆ ಇರುತ್ತದೆ. ಶೆಡ್ಡಿನವರು ಅದಕ್ಕೆ ಕಿವಿ ಎನ್ನುತ್ತಾರೆ. ವಿಮಾನ ಎಡಕ್ಕೋ ಬಲಕ್ಕೋ ಓಲುವುದು ಆ ಕಿವಿಗಳಿಂದ. ಕೋಲು ವಾಲಿಸಿದಾಗ ಒಂದು ಕಿವಿ ಎದ್ದಿತು, ಇನ್ನೊಂದು ಬಗ್ಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವುದು ಎದ್ದಿತು, ಯಾವುದು ಬಗ್ಗಿತು ಎಂದು ಒಬ್ಬರೂ ನೋಡಲಿಲ್ಲ.

ಎಂಜಿನ್ನಿಗೆ ಜೀವ ಬಂತು. ಮೊದಲ ಓಟ ಮೆಲ್ಲಗೆ, ಎರಡನೆಯದು ಸ್ವಲ್ಪ ಜೋರಾಗಿ. ಮೂರನೆಯ ಓಟಕ್ಕೆ ಬಾಲ ನೆಲ ಬಿಟ್ಟು ಎದ್ದಿತು, ಹುಲ್ಲು ಹಸಿರು ಗೆರೆಯಾಗಿ ಹಿಂದೆ ಹರಿಯಿತು, ಅವಳು ಒಬ್ಬಳೇ ಒಳಗೆ "ಹೋಗು ಮರಿ, ಹೋಗು!" ಎಂದು ಕೂಗುತ್ತಿದ್ದಳು. ಅಷ್ಟರಲ್ಲಿ ಪಕ್ಕದಿಂದ ಸಣ್ಣ ಗಾಳಿ ಬಂದು ಎಡರೆಕ್ಕೆ ಒಂದಿಷ್ಟು ಎದ್ದಿತು. ಕಲಿತಂತೆ ಕೋಲನ್ನು ಎಡಕ್ಕೆ ಒತ್ತಿದಳು. ರೆಕ್ಕೆ ಇಳಿಯಬೇಕಿತ್ತು, ಇನ್ನೂ ಎದ್ದಿತು. ಇನ್ನೂ ಒತ್ತಿದಳು. ಇನ್ನೂ ಎದ್ದಿತು! ಬಲರೆಕ್ಕೆಯ ತುದಿ ಕಾಂಕ್ರೀಟಿಗೆ ಉಜ್ಜಿ ಕರ್ರ್ ಎಂದದ್ದೇ ವಿಮಾನ ಬುಗುರಿಯಂತೆ ಗಿರಕಿ ಹೊಡೆದು ಹುಲ್ಲಿಗೆ ನುಗ್ಗಿತು. ಅವಳ ಕೈ ತಾನಾಗಿಯೇ ಎಂಜಿನ್ ಆರಿಸಿತು.

ಅಣ್ಣ ಚಪ್ಪಲಿ ಬಿಟ್ಟು ಓಡಿ ಬಂದ. "ಏನಾಯ್ತೇ? ಮಾತಾಡೇ!"

"ತುಟಿ ಹರೀತು ಅಷ್ಟೆ! ನನ್ನ ಬಿಡು, ರೆಕ್ಕೆ ನೋಡು!"

ರೆಕ್ಕೆಯ ತುದಿ ಎರಡು ಮೊಳದಷ್ಟು ಪುಡಿಯಾಗಿತ್ತು. ಪಕ್ಕದ ಶೆಡ್ಡಿನ ಹಲ್ಲಿನ ಡಾಕ್ಟರು ಅವಳ ತುಟಿಗೆ ಹತ್ತಿ ಒತ್ತಿ ಹಿಡಿದು, "ಗಾಳಿ ಅಕ್ಕ, ಗಾಳಿ. ನಿಮ್ಮದೇನೂ ತಪ್ಪಿಲ್ಲ" ಎಂದರು. ಎಲ್ಲರೂ ಗಾಳಿ ಎಂದರು. ಗಾಳಿ ಬಂದು ಅಲ್ಲ ಎನ್ನುವುದಿಲ್ಲವಲ್ಲ.

ಆದರೆ ಹೊದಿಕೆಯಕ್ಕನಿಗೆ ಸಮಾಧಾನವಾಗಲಿಲ್ಲ. ಅಷ್ಟು ಗಾಳಿ ಇದ್ದರೆ ಶೆಡ್ಡಿನ ಮುಂದೆ ಒಣಗಹಾಕಿದ್ದ ಚಿಂದಿ ಬಟ್ಟೆ ಹಾರಬೇಕಿತ್ತು. ಅದು ಸುಮ್ಮನೆ ತೂಗುತ್ತಿತ್ತು. ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಒಂದು ಕಾರಿನ ಸೀಟಿನ ಹೊದಿಕೆ ಹೊಲಿದು ಮುಗಿಸಿ, ಒಳಗನ್ನು ಹೊರಗೆ ತಿರುಗಿಸಿದಳು. ಎಡಗಡೆ ಬರಬೇಕಾದ ಜೇಬು ಬಲಗಡೆ ಬಂದಿತ್ತು. ಬಟ್ಟೆಯನ್ನು ಮಗುಚಿ ಹಾಕಿ ಗುರುತು ಮಾಡಿದ್ದಳು, ಅಷ್ಟೆ. ಹೊಸಬರು ಮಾಡುವ ತಪ್ಪು. ತನಗೆ ತಾನೇ ಬೈದುಕೊಳ್ಳುತ್ತ ಹೊಲಿಗೆ ಬಿಚ್ಚತೊಡಗಿದವಳ ಕೈ ಹಾಗೇ ನಿಂತಿತು. ಕೋಲಿನಿಂದ ಕಿವಿಗಳಿಗೆ ಕೇಬಲ್ ಎಳೆದ ದಿನ ರೆಕ್ಕೆಗಳನ್ನು ಮಗುಚಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು!

ಶಟರನ್ನು ಅರ್ಧಕ್ಕೆ ಎಳೆದು, ಸ್ಕೂಟರ್ ಹತ್ತಿ, ಅಣ್ಣನ ವರ್ಕ್‌ಶಾಪಿನ ಮುಂದೆ ನಿಂತು ಹಾರ್ನ್ ಬಾರಿಸಿದಳು. ಮುಕ್ಕಾಲು ಗಂಟೆಯಲ್ಲಿ ಇಬ್ಬರೂ ಶೆಡ್ಡಿನಲ್ಲಿದ್ದರು. ಮುರಿದ ರೆಕ್ಕೆಯ ವಿಮಾನದೊಳಗೆ ಅವಳು ಹತ್ತಿ ಕೂತು ಕೋಲನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳು ನೆಟ್ಟಗೆ ನಿಲ್ಲಿಸಿದಳು. ಹಾರಾಟದ ಶಾಲೆಯಲ್ಲಿ ಮೊದಲ ದಿನವೇ ಹೇಳಿದ್ದರು: ಕೋಲು ವಾಲಿಸಿದಾಗ ಹೆಬ್ಬೆರಳು ಯಾವ ಕಡೆ ತೋರಿಸುತ್ತದೋ ಆ ಕಡೆಯ ಕಿವಿ ಮೇಲೆದ್ದಿರಬೇಕು. ಎಡಕ್ಕೆ ವಾಲಿಸಿ ನೋಡಿದಳು. ಎಡಗಿವಿ ಕೆಳಗೆ ಬಗ್ಗಿತ್ತು. ಬಲಗಿವಿ ಎದ್ದು ನಿಂತು ಅಣಕಿಸುವಂತಿತ್ತು.

ಕತ್ತರಿಯಿಂದ ತಾನೇ ಹೊಲಿದ ಬಟ್ಟೆಯನ್ನು ಸೀಳಿದಳು. ಒಳಗೆ ಕೇಬಲಿನ ಮೇಲೆ ಅವಳದೇ ಕೈಬರಹದ ಸೀಮೆಸುಣ್ಣದ ಗುರುತು: ಒಂದಕ್ಕೆ "ಮೇ", ಒಂದಕ್ಕೆ "ಕೆ". ರೆಕ್ಕೆ ತಲೆಕೆಳಗಾಗಿದ್ದಾಗ ಬರೆದ ಮೇಲು, ನೇರವಾದಾಗ ಕೆಳಗಾಗಿತ್ತು. ಎರಡು ರೆಕ್ಕೆಯಲ್ಲೂ ಅದೇ. ಆ ಗುರುತು ನೋಡಿ ಕೇಬಲ್ ಜೋಡಿಸಿದವನು ಅಣ್ಣ.

ಅಣ್ಣ ಸ್ಟೂಲು ಎಳೆದುಕೊಂಡು ಕೂತ. ಆಮೇಲೆ ಹೇಳಿದ: "ನಮಗಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಗಾಳಿ ಅಂತಾನೇ ಇರ್ಲಿ. ಸರಿಮಾಡಿ ಮುಚ್ಚಿಬಿಡೋಣ."

"ಯಾಕೆ?"

"ಯಾಕಂದ್ರೆ ಮೂವತ್ತು ವರ್ಷ ಕೂದಲೆಳೆಯಷ್ಟು ಅಳತೆ ತಪ್ಪದೆ ಕೆಲಸ ಮಾಡಿದವನು ನಾನು. ಈಗ ಎಡ ಯಾವುದು ಬಲ ಯಾವುದು ಗೊತ್ತಿಲ್ಲದವನು ಅನ್ನಿಸ್ಕೋಬೇಕಾ?"

ಅಣ್ಣನ ಮಾನ ಹೊದಿಕೆಯಕ್ಕನ ಮಾನವೂ ಹೌದು. ಆದರೂ ಅವಳ ಗಂಟಲು ತಡೆಯಲಿಲ್ಲ. "ಅಣ್ಣ, ನಿನ್ನಂಥವನ ಕೈಯೇ ತಪ್ಪಿತು ಅಂದ್ರೆ, ಉಳಿದ ಐದು ಶೆಡ್ಡಲ್ಲಿ ಏನೇನು ಅಡಗಿದೆಯೋ ಯಾರಿಗೆ ಗೊತ್ತು! ಅವರೆಲ್ಲ ನಮಗಿಂತ ಜಾಣರಾ? ಡಾಕ್ಟ್ರು ಬರೋ ಭಾನುವಾರ ಆದ್ಮೇಲಿನ ಭಾನುವಾರ ಹಾರ್ತಾರೆ. ಅವರ ರೆಕ್ಕೆಗೆ ಬಟ್ಟೆ ಹೊದಿಸಿದ್ದು ನಾನು. ಒಳಗೆ ಏನಿತ್ತು ಅಂತ ಕೇಳು ನನ್ನ. ನನಗೆ ಗೊತ್ತಿಲ್ಲ! ಬಟ್ಟೆ ನೋಡಿದೆ, ಒಳಗೆ ನೋಡಲಿಲ್ಲ."

ಅಣ್ಣ ಎದ್ದು ಆ ಕೇಬಲನ್ನು ಬಿಚ್ಚಿ, ಸುಣ್ಣದ ಗುರುತು ಅಳಿಸದಂತೆ ಕಾಗದ ಸುತ್ತಿ ಅವಳ ಕೈಗೆ ಕೊಟ್ಟ.

ಭಾನುವಾರ ಅವಳು ಎಲ್ಲರನ್ನೂ ಕರೆದು ನಿಲ್ಲಿಸಿದಳು. "ಗಾಳಿ ಅಂದ್ರಲ್ಲ, ಬನ್ನಿ ನಿಮ್ಮ ಗಾಳೀನ ತೋರಿಸ್ತೀನಿ" ಎಂದು ಕೋಲು ಹಿಡಿದು ಹೆಬ್ಬೆರಳು ಎತ್ತಿದಳು. ನೋಡಿದವರಿಗೆ ನಗು ಬರಲಿಲ್ಲ. ಮೂವರು ಆಗಲೇ ತಮ್ಮ ತಮ್ಮ ಶೆಡ್ಡಿಗೆ ಹೋಗಿ ತಮ್ಮ ಹೆಬ್ಬೆರಳು ಎತ್ತಿ ನೋಡಿದರು. ಡಾಕ್ಟರು ಮಾತ್ರ ಅಲ್ಲಾಡಲಿಲ್ಲ.

ಡಾಕ್ಟರ ವಿಮಾನ ಇಡೀ ಸಾಲಿಗೇ ಚಂದದ್ದು. ಅದರ ಮೇಲೆ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. "ನನ್ನ ಕಿವಿ ಸರಿಯಾಗಿದೆ ಅಕ್ಕ, ನೋಡಿದೀನಿ" ಎಂದರು.

"ಕಿವಿ ಸರಿ ಇರಬಹುದು. ಅದನ್ನ ಎಳೆಯೋ ಜಾಗ ನೋಡಬೇಕು. ಬಟ್ಟೇಲಿ ಒಂದು ತೂತು ಮಾಡ್ತೀನಿ."

"ತೂತಾ! ಐದು ಸಲ ಬಣ್ಣ ಹೊಡೆದಿದೀನಿ! ಅಧಿಕಾರಿ ನೋಡಿ ಸಹಿ ಹಾಕಿದಾರೆ. ನಿಮ್ಮ ತಪ್ಪಿಗೆ ನನ್ನ ರೆಕ್ಕೆ ಯಾಕೆ ಹರೀಬೇಕು?"

ಹೊದಿಕೆಯಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಡಾಕ್ಟ್ರೇ, ನಿಮ್ಮ ಹತ್ರ ಬಂದವರು ಲಿಪ್‌ಸ್ಟಿಕ್ ಹಾಳಾಗುತ್ತೆ, ಬಾಯಿ ತೆಗೆಯಲ್ಲ ಅಂದ್ರೆ ಏನು ಮಾಡ್ತೀರಿ? ತುಟಿ ನೋಡಿ ಹಲ್ಲು ಗಟ್ಟಿ ಇದೆ ಅಂತ ಕಳಿಸ್ತೀರಾ?"

ಸುತ್ತಲಿದ್ದವರು ಗೊಳ್ಳೆಂದರು. ಡಾಕ್ಟರ ಮುಖ ಕೆಂಪಾಯಿತು, ಆಮೇಲೆ ಅವರಿಗೂ ನಗು ಬಂತು. "ಒಂದೇ ತೂತು. ಅಂಗೈಯಷ್ಟು. ಮತ್ತೆ ಮುಚ್ಚಿ ಕೊಡಬೇಕು ನೀವೇ." ಹಾಗೆಂದವರು ಕಾರಿನಿಂದ ತಲೆಗೆ ಕಟ್ಟುವ ದೀಪವನ್ನೂ ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನೂ ತಂದರು.

ರೆಕ್ಕೆಯ ಅಡಿಯಲ್ಲಿ ಮಲಗಿ ಅವಳು ದುಂಡಗೆ ಬಟ್ಟೆ ಕತ್ತರಿಸಿದಳು. ಡಾಕ್ಟರು ಪಕ್ಕದಲ್ಲೇ ಮಲಗಿ, ದಿನಾ ಮಾಡುವ ಕೆಲಸದಂತೆ ಕನ್ನಡಿ ತೂರಿಸಿ ದೀಪ ಹಿಡಿದರು. ಕೇಬಲ್ ಬಂದು ಸೇರುವ ಲೋಹದ ತೋಳು ಕಂಡಿತು. ಅದನ್ನು ಹಿಡಿದ ಬೋಲ್ಟು ಕಂಡಿತು, ಥಳಥಳ ಹೊಳೆಯುತ್ತಿತ್ತು. ಅಂಥ ಬೋಲ್ಟಿನ ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡಲಾಗಿ ಒಂದು ಸಣ್ಣ ಪಿನ್ನು ತೂರಿಸಿ ಬಗ್ಗಿಸಿರಬೇಕು. ಪಿನ್ನು ಇರಲಿಲ್ಲ. ಬೋಲ್ಟಿನ ತಲೆ ಮೇಲಿರಬೇಕು, ನಟ್ಟು ಬಿದ್ದರೂ ಬೋಲ್ಟು ಜಾರಬಾರದೆಂದು. ಇಲ್ಲಿ ತಲೆ ಕೆಳಗಿತ್ತು. ನಟ್ಟು ಎಂಜಿನ್ನಿನ ಅದುರಾಟಕ್ಕೆ ತಿರುಗಿ ತಿರುಗಿ ಕೊನೆಯ ಸುತ್ತಿಗೆ ಬಂದು ನಿಂತಿತ್ತು.

ಡಾಕ್ಟರು ಕನ್ನಡಿಯನ್ನು ಹೊರಗೆಳೆದುಕೊಂಡರು. "ಅಕ್ಕ... ಅಧಿಕಾರಿ ಬಂದು ರೆಕ್ಕೆಯ ಒಳಗೆ ನೋಡಿ ಹೋದ ಮೇಲೆ, ನೀವು ಬಟ್ಟೆ ಹೊದಿಸೋ ಮುಂಚೆ, ನಾನು ಆ ಬೋಲ್ಟು ಬದಲಾಯಿಸಿದೆ. ಹಳೇದು ಮಂಕಾಗಿತ್ತು. ಹೊಳೆಯೋದು ಹಾಕೋಣ ಅಂತ. ಅಷ್ಟರಲ್ಲಿ ಯಾರದೋ ಫೋನು ಬಂತು."

ಹೊದಿಕೆಯಕ್ಕ ಕೈ ಒಳಗೆ ಹಾಕಿ ಎರಡು ಬೆರಳಲ್ಲಿ ನಟ್ಟು ಮುಟ್ಟಿದಳು. ಅದು ಅವಳ ಅಂಗೈಗೇ ಉದುರಿತು. ಅದರ ಹಿಂದೆಯೇ ಬೋಲ್ಟೂ ಜಾರಿ ಬಿತ್ತು. ಒಂದು ವಾರದ ಮೇಲೆ, ಆಕಾಶದಲ್ಲಿ ಬೀಳಬೇಕಾಗಿದ್ದು.

"ಸಿಕ್ತು!" ಎಂದು ಅವಳು ಕೂಗಿದ ಕೂಗಿಗೆ ತಗಡಿನ ಶೆಡ್ಡು ಝಣ್ಣೆಂದಿತು. "ಸಿಕ್ತು ಡಾಕ್ಟ್ರೇ! ಸಿಕ್ತು!" ಅವಳ ಕಣ್ಣಲ್ಲಿ ನೀರು, ಮುಖದ ತುಂಬ ನಗು.

ಅಂದಿನಿಂದ ಹೊದಿಕೆಯಕ್ಕನಿಗೆ ಹೊಸ ಹುಚ್ಚು ಹಿಡಿಯಿತು. ತನ್ನ ರೆಕ್ಕೆ ರಿಪೇರಿಯನ್ನು ಅಣ್ಣನಿಗೆ ಬಿಟ್ಟು, ಕತ್ತರಿ, ದೀಪ, ಕನ್ನಡಿ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ತಿರುಗಿದಳು. ಒಂದು ಕಡೆ ಪೆಟ್ರೋಲ್ ಪೈಪು ಬಿಸಿಯಾಗುವ ಕೊಳವೆಗೆ ತಾಗಿಕೊಂಡು ಮೆತ್ತಗಾಗಿತ್ತು. ಇನ್ನೊಂದು ಕಡೆ ಕೇಬಲ್ ರಾಟೆಯ ಮೇಲಿಂದ ಜಾರಿ ಅಂಚಿಗೆ ಉಜ್ಜಿ, ಅದರ ಎಳೆಗಳು ಹಳೆಯ ಪೊರಕೆಯಂತೆ ಕೆದರಿದ್ದವು. ಮೇಷ್ಟ್ರು ಎರಡನೆಯ ವಿಮಾನಕ್ಕೆಂದು ಮಾಡಿಟ್ಟಿದ್ದ ಪಕ್ಕೆಲುಬನ್ನು ಅವಳು ಸುಮ್ಮನೆ ಬಗ್ಗಿಸಿದಳು. ಬಿಸ್ಕತ್ತಿನಂತೆ ಅಂಟಿನ ಜಾಗದಲ್ಲೇ ಲಟಕ್ಕೆಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಚಳಿಗಾಲದಲ್ಲಿ ಅಂಟಿಸಿದ್ದು. ಅಂಟು ಸರಿಯಾಗಿ ಗಟ್ಟಿಯಾಗಿಲ್ಲ. ತುಂಡೊಂದನ್ನ ಅಂಟಿಸಿ ಮುರಿದು ನೋಡಬೇಕಿತ್ತು. ಮಕ್ಕಳಿಗೆ ಮೂವತ್ತೈದು ವರ್ಷ ಪ್ರಯೋಗ ಮಾಡಿ ನೋಡ್ರೋ ಅಂತ ಹೇಳಿದವನು ನಾನು."

ಆ ಸಿಕ್ಕಿದ್ದನ್ನೆಲ್ಲ ಅವಳು ಇಸಿದುಕೊಂಡಳು. ವರ್ಷಕ್ಕೊಮ್ಮೆ ಬೇರೆ ಬೇರೆ ಊರುಗಳಿಂದ ಮನೆಯಲ್ಲಿ ವಿಮಾನ ಕಟ್ಟುವವರೆಲ್ಲ ಒಂದು ಕಡೆ ಸೇರುತ್ತಿದ್ದರು. ಚಂದದ ಬಣ್ಣ, ಹೊಸ ಎಂಜಿನ್ನು, ಎಷ್ಟು ವೇಗ, ಎಷ್ಟು ಎತ್ತರ, ಇದೇ ಮಾತು. ಅಲ್ಲಿ ಬಾಗಿಲ ಹತ್ತಿರವೇ ಹೊದಿಕೆಯಕ್ಕ ಒಂದು ಮಡಿಸುವ ಮೇಜು ಹಾಕಿ, ಸೀಟಿನ ಕಪ್ಪು ರೆಕ್ಸಿನ್ ಹಾಸಿ, ಅದರ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟಳು. ಮೊದಲಿಗೆ ತನ್ನ ಕೇಬಲ್, ಸುಣ್ಣದ ಗುರುತಿನ ಸಮೇತ. ಮುಂದೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ: "ನಮ್ಮ ತಪ್ಪುಗಳು. ಮುಟ್ಟಿ ನೋಡಿ."

ಮೊದಲ ಅರ್ಧ ಗಂಟೆ ಜನ ದೂರದಿಂದಲೇ ನೋಡಿ ಸರಿದರು. ಅವಮಾನದ ಅಂಗಡಿ ಹಾಕಿ ಕೂತವಳನ್ನು ಯಾರು ನೋಡಿದ್ದಾರೆ? ಆಗ ಡಾಕ್ಟರು ಬಂದು ಮೇಜಿನ ಪಕ್ಕ ನಿಂತರು. ಬೋಲ್ಟು ಎತ್ತಿ ಹಿಡಿದು ಹೋಗುವ ಬರುವವರಿಗೆಲ್ಲ, "ಇದು ನನ್ನದು. ಇದರಿಂದ ಸಾಯಬೇಕಾಗಿತ್ತು, ನಿಂತಿದೀನಿ ನೋಡಿ" ಎನ್ನತೊಡಗಿದರು. ಒಬ್ಬ ನಿಂತ, ಇಬ್ಬರು ನಿಂತರು. ಹೊದಿಕೆಯಕ್ಕನ ಗಂಟಲಿಗೆ ಅಲ್ಲಿಂದ ಮುಂದೆ ಮೈಕು ಬೇಕಾಗಲಿಲ್ಲ.

"ಪೆದ್ದರು ತಪ್ಪು ಮಾಡ್ತಾರೆ ಅಂದ್ಕೋಬೇಡಿ! ಪೆದ್ದರು ವಿಮಾನ ಕಟ್ಟೋಕೆ ಬರಲ್ಲ. ಜಾಣರೇ ಮಾಡೋದು, ಫೋನ್ ಬಂದಾಗ, ಊಟಕ್ಕೆ ಕರೆದಾಗ, ಆತುರ ಆದಾಗ. ಮುಚ್ಚೋ ಮುಂಚೆ ಇನ್ನೊಬ್ಬರಿಗೆ ತೋರಿಸಿ. ನಿಮ್ಮನ್ನ ಮೆಚ್ಚೋರಿಗಲ್ಲ, ನಿಮ್ಮ ಮೇಲೆ ಅಸೂಯೆ ಪಡೋರಿಗೆ ತೋರಿಸಿ, ಅವರೇ ಚೆನ್ನಾಗಿ ಹುಡುಕೋದು!"

ಜನ ನಗುತ್ತಲೇ ಹತ್ತಿರ ಬಂದರು. ಒಬ್ಬ ಬೇಕರಿಯವನು ತನ್ನ ಮೊಬೈಲಿನ ಚಿತ್ರ ತೋರಿಸಿ, "ಅಕ್ಕ, ಇದು ಸರಿ ಇದೆಯಾ?" ಎಂದ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟಿನಲ್ಲಿ ರೆಕ್ಕೆಯನ್ನೇ ಜೋಡಿಸಿದ್ದ. ಅಣ್ಣ, ಅಲ್ಲಿಯವರೆಗೆ ಹಿಂದೆ ನಿಂತು ನೆಲ ನೋಡುತ್ತಿದ್ದವನು, ಮುಂದೆ ಬಂದು ಆ ಚಿತ್ರ ದೊಡ್ಡದು ಮಾಡಿ ನೋಡಿದ. "ಇದು ಗೇಟಿಗೆ ಹಾಕೋದು ತಮ್ಮಾ. ಇದರಲ್ಲಿ ಹಾರಬೇಡ" ಎಂದ. ಆಮೇಲೆ ಎರಡು ಗಂಟೆ ಅವನ ಮಾತು ನಿಲ್ಲಲಿಲ್ಲ. ತಂಗಿಯೇ ಬೆರಗಾಗಿ ನೋಡುತ್ತ ಕೂತಳು. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಜಾಗ ಸಾಲದಾಯಿತು. ಜನ ತಮ್ಮ ತಮ್ಮ ವಾಹನಗಳಿಂದ ಸವೆದ ರಾಟೆ, ಸೀಳಿದ ಕೊಳವೆ, ಬಗ್ಗಿದ ಕಡ್ಡಿಗಳನ್ನು ತಂದು ತಾವಾಗಿಯೇ ಇಟ್ಟುಹೋದರು.

ಅಲ್ಲಿಂದ ಮುಂದೆ ಅಂಗಡಿಗೆ ಫೋನುಗಳು ಶುರುವಾದವು. ಸೀಟಿಗೆ ಬಣ್ಣ ಆರಿಸುತ್ತಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಅವಳು "ಪಿನ್ನು ಬಗ್ಗಿಸಿದೀರಾ? ಕಣ್ಣಾರೆ ನೋಡಿದೀರಾ? ಹೋಗಿ ನೋಡಿ, ನಾನು ಲೈನಲ್ಲೇ ಇರ್ತೀನಿ!" ಎಂದು ಕೂಗುವುದು ಬೀದಿಗೆಲ್ಲ ಪರಿಚಿತವಾಯಿತು.

ಅವಳ ಸ್ವಂತ ವಿಮಾನ ಹಾರಿದ್ದು ಮರುವರ್ಷ, ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ. ಅಧಿಕಾರಿ ಸಹಿ ಹಾಕಿದ ಮೇಲೂ ಐದು ಶೆಡ್ಡಿನವರು ಒಬ್ಬರಾದ ಮೇಲೊಬ್ಬರು ಬಂದು ಒಳಹೊರಗೆಲ್ಲ ಜಾಲಾಡಿದರು. ಡಾಕ್ಟರಂತೂ ಎರಡು ಸಲ. ಏನೂ ಸಿಗಲಿಲ್ಲ ಎಂದು ಅವರಿಗೆ ಸ್ವಲ್ಪ ಬೇಸರವೂ ಆದಂತಿತ್ತು. ಹಳದಿ ವಿಮಾನ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ಅವಳು ಕೋಲನ್ನು ಮೆಲ್ಲಗೆ ಎಡಕ್ಕೆ ವಾಲಿಸಿದಳು; ವಿಮಾನ ಹೇಳಿದ ಮಾತು ಕೇಳುವ ಮಗುವಿನಂತೆ ಎಡಕ್ಕೆ ಓಲಿತು. ಮೇಲಿಂದ ಹಾಡೋ ಕೂಗೋ ಗೊತ್ತಾಗದ ಒಂದು ಸದ್ದು ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತೆಂದು ಅತ್ತಿಗೆ ಇವತ್ತಿಗೂ ಹೇಳುತ್ತಾಳೆ.

ಹನ್ನೊಂದು ನಿಮಿಷವಾದ ಮೇಲೆ ಇಳಿದು ಬಂದವಳು ಅಣ್ಣನ ಎರಡೂ ಭುಜ ಹಿಡಿದು ಕುಲುಕಿದಳು. "ಹಾರ್ತು ಕಣೋ ಅಣ್ಣ, ಹಾರ್ತು! ನಾಳೆ ಮೇಷ್ಟ್ರ ಹಿಂದೆ ಕೂತು ನೀನೂ ಒಂದು ಸಲ ಹೋಗಿ ಬಾ."

"ಮೊದಲು ನನ್ನ ಕಾಲು ನಡುಗೋದು ನಿಲ್ಲಲಿ" ಎಂದು ಅಣ್ಣ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ.